ಬಗ್ಗಿಸಬಾರದ ಕತ್ತಿ

ಕಸಲಾ
ರಜಬ್ 6, 1344

ತಮ್ಮ ತೈಫೂರನಿಗೆ ಅಕ್ಕ ಬತೂಲ್ ಹೇಳಿ ಬರೆಸೋದು. ನಾವಿಲ್ಲಿ ಚೆನ್ನಾಗಿದೀವಿ. ಓಮ್ದುರ್ಮಾನ್‌ನಲ್ಲಿ ನೀನೂ ನಿನ್ನ ಹೆಂಡತಿ ಮಕ್ಕಳೂ ಚೆನ್ನಾಗಿದೀರಿ ಅಂದ್ಕೊಂಡಿದೀನಿ, ನೀನಾಗಿ ಬರೆದು ತಿಳಿಸೋನಲ್ಲವಲ್ಲ. ಇದನ್ನ ಬರೀತಿರೋದು ಮಕ್ಕಳಿಗೆ ಕುರಾನ್ ಓದಿಸೋ ಫಕೀ ಜಿಬ್ರೀಲ್. ಹೇಳಿದ್ದನ್ನೆಲ್ಲ ಬರೀಬೇಕು, ನಡುವೆ ನಗಬಾರದು ಅಂತ ಮಾತಾಗಿದೆ.

ನನ್ನ ಮಗ ಓನೂರನ ಮದುವೆ ನಿಶ್ಚಯ ಆಯ್ತು. ರಂಜಾನ್ ಕಳೆದು ಶವ್ವಾಲ್ ಕೊನೆಗೆ. ಹುಡುಗಿ ಮದೀನಾ, ಗಾಶ್ ಹೊಳೆ ಆಚೆಯವಳು, ಮಾತು ಕಮ್ಮಿ, ಕೆಲಸ ಜಾಸ್ತಿ. ಅವಳ ಸೋದರಮಾವ ಅದ್ರೂಬ್ ಮಾತ್ರ ಮುಳ್ಳು. ಒಂಟೆ ಸಾಕೋನು, ಪೊದೆ ಥರ ಕೂದಲು ಬಿಟ್ಕೊಂಡು ಅದರೊಳಗೆ ಮರದ ಬಾಚಣಿಗೆ ಸಿಕ್ಕಿಸ್ಕೊಂಡು ಬಂದ. ಶುಂಠಿ ಕಾಫಿ ಮೇಲೆ ಕಾಫಿ ಕುಡಿದ. ಆಮೇಲೆ ಕೇಳ್ದ, "ಮದುಮಗನ ಕೈಗೆ ಯಾವ ಕತ್ತಿ ಕೊಡ್ತೀಯ ಬತೂಲ್?"

"ನಮ್ಮಪ್ಪಂದು" ಅಂದೆ.

"ನಿಮ್ಮನೇಲಿ ಇನ್ನೂ ಕಬ್ಬಿಣ ಉಳಿದಿದೆಯಾ? ನಿನ್ನ ತಮ್ಮ ಬಿಳಿ ಪರದೇಶಿ ಖ್ವಾಜಾಗಳಿಗೆ ಆಟದ ಕತ್ತಿ ಮಾಡಿ ಮಾಡಿ ಎಲ್ಲ ತಗಡಾಗಿರಬೇಕು ಅಂದ್ಕೊಂಡಿದ್ದೆ!" ಅಂತ ನಕ್ಕ. ಹೋಗ್ತಾ ಬಾಗಿಲಲ್ಲಿ ನಿಂತು, "ನಮ್ಮ ಪದ್ಧತಿ ಗೊತ್ತಲ್ಲ. ಮದುಮಗನ ಕತ್ತೀನ ಹುಡುಗಿ ಮಾವ ಬಗ್ಗಿಸಿ ನೋಡಿನೇ ಕೈಗೆ ಕೊಡೋದು. ಬಗ್ಗಿ ನೆಟ್ಟಗಾದ್ರೆ ಹುಡುಗಿ ನಿಮ್ಮನೆಗೆ, ಇಲ್ಲಾಂದ್ರೆ ವಾಪಸ್ ನಮ್ಮನೆಗೆ" ಅಂದ.

ಅದಕ್ಕೇ ಹೇಳ್ತೀನಿ ಕೇಳು. ಹೊಸ ಹಿಡಿ, ಹೊಸ ಒರೆ ಹಾಕಿಸೋಕೆ ಅಂತ ಅಪ್ಪನ ಕತ್ತೀನ ನಿನ್ನ ಹತ್ರ ಕಳಿಸಿದ್ನಲ್ಲ, ಬೇಗ ಮುಗಿಸಿ ಕಳಿಸು. ಬೆಂಕಿಗೆ ತೋರಿಸಬೇಡ. ಬಗ್ಗಿಸಬೇಡ, ಬೇರೆಯವರಿಗೂ ಬಗ್ಗಿಸೋಕೆ ಬಿಡಬೇಡ. ಒರೆ ಬಾಯಿಗೆ ತೊಗಲು ಪಟ್ಟಿ ಹಾಕಿ ಹೊಲಿಸಿಬಿಡು, ಕತ್ತಿ ಈಚೆಗೆ ಬರಬಾರದು. ಯಾಕೆ ಅಂತ ಕೇಳಬೇಡ. ಜಿಬ್ರೀಲ್ ಕೇಳ್ತಿದಾನೆ, ಅವನಿಗೂ ಹೇಳಿಲ್ಲ.

ಬತೂಲ್


ಓಮ್ದುರ್ಮಾನ್
ಫೆಬ್ರವರಿ 3, 1926

ಅಕ್ಕ ಬತೂಲ್‌ಗೆ ತೈಫೂರನ ಸಲಾಮುಗಳು. ಓನೂರನ ಸುದ್ದಿ ಕೇಳಿ ಮನೆಯವರೆಲ್ಲ ಕೇಕೆ ಹಾಕಿದರು. ಸೋದರಮಾವನಾಗಿ ಮದುವೆಗೆ ಬಂದೇ ಬರುತ್ತೇನೆ.

ಅದ್ರೂಬನ ಮಾತು ಓದಿ ಮೈಯೆಲ್ಲ ಉರಿಯಿತು. ನಾನು ಮಾಡುವುದು ಆಟದ ಕತ್ತಿಯೇ, ಅಲ್ಲ ಎನ್ನುವುದಿಲ್ಲ. ತೆಳು ಅಲಗು, ಅದರ ತುಂಬ ಆಸಿಡ್‌ನಲ್ಲಿ ಕೊರೆದ ಅಕ್ಷರ, ಒರೆಗೆ ಮೊಸಳೆ ಚರ್ಮ, ಸಿಕ್ಕರೆ ಮೊಸಳೆಯ ತಲೆಯೂ. ಅಕ್ಷರಗಳನ್ನು ಬೇಕೆಂದೇ ಅರ್ಧಕ್ಕೆ ಮುರಿದು ಕೊರೆಯುತ್ತೇವೆ, ದೇವರ ಮಾತು ಯಾರದೋ ಗೋಡೆಗೆ ಹೋಗಿ ಕೂರಬಾರದಲ್ಲ. ಖ್ವಾಜಾ ಅದರ ಮೇಲೆ ಬೆರಳಾಡಿಸಿ ತಲೆದೂಗುತ್ತಾನೆ. ಇಂಗ್ಲಿಷರು ಗೆದ್ದ ಕರಾರಿ ಬಯಲಿನ ಯುದ್ಧದಲ್ಲಿ ಸಿಕ್ಕಿದ್ದೆಂದು ಊರಿಗೆ ಹೋಗಿ ಹೇಳುತ್ತಾನೆ. ಆ ಬಯಲಿನಲ್ಲಿ ಬಿದ್ದವರಿಗಿಂತ ಹೆಚ್ಚು ಕತ್ತಿಗಳನ್ನು ನಮ್ಮ ಬೀದಿಯೊಂದೇ ಮಾರಿದೆ. ಆದರೆ ಅಪ್ಪ ಕಲಿಸಿದ್ದನ್ನು ಕೈ ಮರೆತಿಲ್ಲ ಅಕ್ಕ. ಮರೆತಿದೆ ಎಂದು ಯಾರಾದರೂ ಅಂದರೆ ನನಗೆ ಸಹಿಸುವುದಿಲ್ಲ.

ಹೋದ ವಾರ ಹಳೆಯ ಆಯುಧಗಳ ಹುಚ್ಚಿನ ಇಂಗ್ಲಿಷ್ ಇನ್‌ಸ್ಪೆಕ್ಟರ್ ಒಬ್ಬ ಅಂಗಡಿಗೆ ಬಂದಿದ್ದ. ಮೊಸಳೆ ತಲೆಗಳನ್ನೆಲ್ಲ ಸರಿಸಿ ಮೂಲೆಯಲ್ಲಿ ತೂಗುಹಾಕಿದ್ದ ಅಪ್ಪನ ಕತ್ತಿಯ ಮುಂದೆ ನಿಂತುಬಿಟ್ಟ.

"ಇದು ಬೇಕು."

"ಇದು ಮಾರೋದಲ್ಲ ಸಾಹೇಬ್ರೇ, ಮನೇದು."

"ನೀನು ಮಾರದೇ ಇರೋದು ಏನಿದೆಯಪ್ಪಾ?"

ಆ ಮಾತು ಚುಚ್ಚಿತು. ಕತ್ತಿಯ ಮೊಂಡು ತುದಿಯನ್ನು ಹೆಬ್ಬೆರಳಿನಲ್ಲಿ ಸವರಿ, ಇದು ಗುರಾಣಿಗಳಿಗೆ ಬಡಿದು ಸವೆದದ್ದು ಎಂದು ನನಗೇ ಪಾಠ ಹೇಳಿದ. ಅದೊಂದನ್ನು ಮಾತ್ರ ಸರಿಯಾಗಿ ಹೇಳಿದ. ಗಡಿಯಾಚೆಯ ಹಬಶಿಗಳ ಗುರಾಣಿಗೆ ತಿವಿದು ತಿವಿದು ಮೊಂಡಾಯಿತೆಂದು ಅಪ್ಪನೇ ಹೇಳುತ್ತಿದ್ದನಲ್ಲ. "ಇದರ ಅಣ್ಣ ಒಬ್ಬ ಹಳ್ಳೀಲಿದಾನೆ, ತರಿಸಿಕೊಡ್ತೀನಿ" ಎಂದು ಅವನನ್ನು ಸಾಗಹಾಕಿದೆ.

ಈಗ ಆ ಅಣ್ಣನನ್ನು ಮಾಡುತ್ತಿದ್ದೇನೆ. ತಗಡಲ್ಲ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಿಜವಾದ ಕತ್ತಿ. ಪಟ್ಟಿ ಉದ್ದ ಸಾಲದೆ ಎರಡು ತುಂಡು ಬೆಸೆದಿದ್ದೇನೆ. ನಡುವಿನ ಗೀರುಗಳು, ಅರ್ಧಚಂದ್ರದ ಗುರುತು, ಆ ಮೊಂಡು ತುದಿ, ಎಲ್ಲ ಹಾಗೆಯೇ. ಇಷ್ಟು ಖುಷಿಯಿಂದ ಸುತ್ತಿಗೆ ಹಿಡಿದು ಎಷ್ಟು ವರ್ಷವಾಯಿತೋ.

ಬಗ್ಗಿಸಬೇಡ ಎಂದದ್ದೇಕೆ? ತೊಗಲು ಕೆಲಸದ ಜೊತೆಗಾರ ಕೂಕುವಿಗೆ ಓದಿ ಹೇಳಿದೆ. "ಬಗ್ಗಿಸದೆ ಕತ್ತಿ ಇಟ್ಕೊಳ್ಳೋದು, ಮಾತಾಡಿಸದೆ ಹೆಂಡತಿ ಇಟ್ಕೊಳ್ಳೋದು, ಎರಡೂ ಒಂದೇ" ಎಂದು ನಕ್ಕ. ತುಕ್ಕು ಹಿಡಿದಿದೆ ಎಂದು ನಿನಗೆ ನಾಚಿಕೆಯಿರಬೇಕು. ನಾಚಬೇಡ, ನಾನಿದ್ದೇನೆ.

ತೈಫೂರ್


ಕಸಲಾ
ಶಾಬಾನ್ 1, 1344

ತೈಫೂರ, ಗೋಡೆಗೆ ಯಾಕೆ ತೂಗುಹಾಕಿದೆ? ಅದೇನು ಮೊಸಳೆ ತಲೆನಾ? ಅಣ್ಣ ಗಿಣ್ಣ ಯಾವನೂ ಬೇಡ. ಅವ್ವ ಹೆತ್ತದ್ದು ನಮ್ಮಿಬ್ಬರನ್ನ, ಸಾಕು. ಇದ್ದದ್ದು ಇದ್ದ ಹಾಗೆ ಒರೇಲಿ ಹೊಲಿದು ಕಳಿಸು.

ನಿನ್ನೆ ಸಂತೇಲಿ ಅದ್ರೂಬ್ ಎಲ್ಲರ ಮುಂದೆ ಕೇಳ್ದ, "ನಿಮ್ಮ ಕತ್ತೀನ ಬಗ್ಗಿಸಬಾರದಂತಲ್ಲ ಬತೂಲ್, ಬಸುರಿನಾ ಅದು?" ನಾನು ತಮ್ಮನಿಗೆ ಬರೆಸಿದ ಮಾತು ಅವನ ಕಿವಿಗೆ ಹೇಗೆ ಹೋಯ್ತು ಅಂತ ಜಿಬ್ರೀಲ್‌ನ ಕೇಳ್ದೆ. ಗಾಳೀಲಿ ಹೋಗಿರಬೇಕು ಅಂತಾನೆ. ಅದನ್ನೂ ಬರಿ ಅಂದೆ, ಬರೀತಿದಾನೆ.

ಬೇಗ ಕಳಿಸು. ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ.

ಬತೂಲ್


ಓಮ್ದುರ್ಮಾನ್
ಮಾರ್ಚ್ 8, 1926

ಅಕ್ಕನಿಗೆ ಸಲಾಮು.

ಒರೆ ಇನ್ನೂ ಒಣಗಬೇಕು, ಅದಕ್ಕೇ ತಡ. ಕೂಕುವಿಗೆ ಕಣ್ಣು ಬೇನೆ ಬೇರೆ. ನೀನು ಚಿಂತೆ ಮಾಡಬೇಡ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಚಿಕ್ಕವಳಿದ್ದಾಗ ಆ ಕತ್ತಿಗೆ ಎಳ್ಳೆಣ್ಣೆ ಹಚ್ಚುತ್ತಿದ್ದವಳು ನೀನೇ ಅಲ್ಲವೇ? ಅದರ ಮೈಮೇಲೆ ಕಲೆ, ಗೀಚು, ಏನಾದರೂ ನೆನಪಿದೆಯೇ? ಅರ್ಧಚಂದ್ರಗಳಲ್ಲಿ ಯಾವುದಾದರೂ ಸ್ವಲ್ಪ ಓರೆಯಾಗಿತ್ತೇ? ಕೈಯಲ್ಲಿ ಹಿಡಿದರೆ ಭಾರ ಹಿಡಿಯ ಕಡೆಗಿತ್ತೇ, ತುದಿಯ ಕಡೆಗೇ? ಹಳೆಯದೆಲ್ಲ ನೆನಪಾಗುತ್ತಿದೆ, ಅದಕ್ಕೆ ಕೇಳಿದೆ, ಮತ್ತೇನಿಲ್ಲ. ಬೇಗ ಉತ್ತರ ಬರೆಸು.

ತೈಫೂರ್


ಕಸಲಾ
ರಂಜಾನ್ 5, 1344

ತೈಫೂರ, ಉಪವಾಸದಲ್ಲಿ ಬಾಯಿ ಹೊಲಸು ಮಾಡ್ಕೋಬಾರದು ಅಂತ ಎರಡು ದಿನ ತಡೆದೆ. ಇನ್ನಾಗಲ್ಲ.

ಮಾರಿಬಿಟ್ಟಿದೀಯ ಅಲ್ವಾ? ಕೈಯಲ್ಲಿ ಇದ್ದಿದ್ರೆ ಕಣ್ಣಲ್ಲಿ ನೋಡ್ತಿದ್ದೆ, ನನ್ನ ಯಾಕೆ ಕೇಳ್ತಿದ್ದೆ? ಆ ಇನ್‌ಸ್ಪೆಕ್ಟರ್‌ಗೆ ಕೊಟ್ಟು, ಈಗ ಕಲೆ ಎಲ್ಲಿತ್ತು, ಚಂದ್ರ ಎಲ್ಲಿತ್ತು ಅಂತ ಕೇಳ್ಕೊಂಡು, ನಂಗೊಂದು ಮಾಡಿ ಕಳಿಸೋ ಯೋಚನೆ. ಅಕ್ಕನೂ ನಿಂಗೆ ಒಬ್ಬಳು ಖ್ವಾಜಾನೇ ಆಗ್ಹೋದ್ಲಾ?

ಹುಡುಗಿ ಕಡೆಯವರು ಹೆಣ್ಣುಮಕ್ಕಳನ್ನ ಕೂಡಿಸಿ ಮೈಗೆ ಹಚ್ಚೋ ಸುಗಂಧ ಕುಟ್ತಿದಾರೆ. ಓನೂರ್ ದಿನಾ ಸಾಯಂಕಾಲ ಸ್ಟೇಷನ್ ಕಡೆ ಹೋಗಿ ಬರಿಗೈಲಿ ಬರ್ತಾನೆ. ನನ್ನನ್ನ ಏನೂ ಕೇಳಲ್ಲ. ಕೇಳಿದ್ರೂ ಚೆನ್ನಾಗಿರ್ತಿತ್ತು.

ಬತೂಲ್


ಓಮ್ದುರ್ಮಾನ್
ಮಾರ್ಚ್ 30, 1926

ಅಕ್ಕ,

ಮಾರಿಲ್ಲ. ನನ್ನ ಮಕ್ಕಳಾಣೆ ಮಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ಬೈಯುವಂತೆ.

ಹೊಸ ಅಲಗಿಗೆ ಹಳೆಯ ಬಣ್ಣ ಬರಲೆಂದು ಜಾಲಿಕಾಯಿ ನೀರಿನ ತೊಟ್ಟಿಯಲ್ಲಿ ಇಟ್ಟೆ. ಎರಡೂ ಒಂದೇ ಬಣ್ಣಕ್ಕೆ ತಿರುಗಲೆಂದು, ನನ್ನ ಬುದ್ಧಿಗಿಷ್ಟು, ಹಿಡಿ ಬಿಚ್ಚಿದ್ದ ಅಪ್ಪನ ಕತ್ತಿಯನ್ನೂ ಪಕ್ಕದಲ್ಲಿ ಮುಳುಗಿಸಿದೆ. ಅಪ್ಪನದಕ್ಕೆ ಕೆಂಪು ದಾರ ಕಟ್ಟಿದ್ದೆ. ಸಂತೆಗೆ ಹೋಗಿ ಬರುವಷ್ಟರಲ್ಲಿ ಕೂಕು ಎರಡನ್ನೂ ತೆಗೆದು, ಒರೆಸಿ, ಎಣ್ಣೆ ಹಚ್ಚಿ, ಬೆಂಚಿನ ಮೇಲೆ ಅಕ್ಕಪಕ್ಕ ಮಲಗಿಸಿದ್ದ.

"ದಾರ ಎಲ್ಲೋ?"

"ಯಾವ ದಾರ? ಓ ಅದಾ, ಒರೆ ಹೊಲಿಯೋಕೆ ಸಾಲದೆ ಬಂತು, ತಗೊಂಡೆ."

ನಾನೇ ಮಾಡಿದ್ದನ್ನು ನಾನೇ ಗುರುತಿಸಲಾರದೆ ಹೋದೆ. ಖ್ವಾಜಾಗೆ ಮೋಸ ಮಾಡಲು ಕಲಿತ ವಿದ್ಯೆಯೆಲ್ಲ ನನ್ನ ಕಣ್ಣಿಗೇ ಮಣ್ಣೆರಚಿತು. ತೂಗಿದೆ, ಬಡಿದು ಸದ್ದು ಕೇಳಿದೆ, ಮೂಸಿ ಕೂಡ ನೋಡಿದೆ. ಊಟ ಸೇರದೆ ಅಂಗಡಿಗೂ ಮನೆಗೂ ತಿರುಗಿದೆ. ಅದಕ್ಕೇ ನಿನಗೆ ಆ ಪ್ರಶ್ನೆಗಳು.

ಕೊನೆಗೆ ನಿನ್ನ ಮಾತು ಮೀರಿದೆ. ಕಮ್ಮಾರನಿಗೆ ಬೇರೆ ದಾರಿ ಯಾವುದು? ಹಳೆಯ ಕತ್ತಿ ಬಗ್ಗಿ ನೆಟ್ಟಗಾಗಲೇಬೇಕು. ಒಂದರ ತುದಿಯನ್ನು ಗೋಡೆಗೆ ಒತ್ತಿ ಬಗ್ಗಿಸಿದೆ. ಬಿಲ್ಲಿನ ಹಾಗೆ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಗಿ ಝುಂ ಎಂದಿತು. ಇನ್ನೊಂದನ್ನು ಬಗ್ಗಿಸಿದೆ, ತುದಿಯಿಂದ ಎರಡು ಗೇಣು ಮೇಲೆ ಪಟ್ಟನೆ ಮುರಿಯಿತು. ಮುರಿದ ಜಾಗದಲ್ಲಿ ಕಪ್ಪು ಗೀರು, ಸರಿಯಾಗಿ ಕೂರದ ಬೆಸುಗೆ. ಎರಡು ತುಂಡು ಬೆಸೆದಿದ್ದೆ ಎಂದು ಬರೆದಿದ್ದೆನಲ್ಲ, ನನ್ನ ಬೆಸುಗೆಯೇ ಬಿಟ್ಟದ್ದು. ಅಪ್ಪನ ಕತ್ತಿ ಉಳಿಯಿತೆಂದು ಸಮಾಧಾನವಾಯಿತು. ನನ್ನ ಕೈಗೆ ಇಷ್ಟೇ ಬೆಲೆ ಎಂದು ತಿಳಿದು ಒಳಗೆಲ್ಲೋ ಕುಸಿದೆ. ಅದ್ರೂಬ್ ಅಂದದ್ದು ಸುಳ್ಳಲ್ಲ ನೋಡು.

ಅಪ್ಪನ ಕತ್ತಿಗೆ ಹಿಡಿ, ಒರೆ ಆಗಿದೆ. ಒರೆಯನ್ನು ಹೊಲಿದಿಲ್ಲ. ಹೊಲಿಯುವಂಥ ಕತ್ತಿಯಲ್ಲ ಅದು, ಅದ್ರೂಬ್ ಹತ್ತು ಸಲ ಬಗ್ಗಿಸಲಿ. ರೈಲಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಬಾಬಿಕರ್ ಕೈಯಲ್ಲಿ ಕಳಿಸಿದ್ದೇನೆ.

ತೈಫೂರ್


ಕಸಲಾ
ಶವ್ವಾಲ್ 2, 1344

ತೈಫೂರ, ಹಬ್ಬದ ಸಲಾಮು. ಕತ್ತಿ ಬಂತು.

ಬಂದ ದಿನಾನೇ ಅದ್ರೂಬೂ ಬಂದ. ಬಗ್ಗಿಸಬಾರದ ಕತ್ತಿ ಅಂತ ಕೇಳಿದ ಮೇಲೆ ಅವನಿಗೆ ಮದುವೆವರೆಗೂ ತಡೆಯೋಕೆ ಆಗಲಿಲ್ಲವಂತೆ. ನಾನು "ಊಟ ಮಾಡು ಮೊದಲು" ಅಂತ ಅಡ್ಡ ಹೋದೆ. ಅವನು ಒರೆಯಿಂದ ಎಳೆದೇಬಿಟ್ಟ. ಮಂಡಿ ಮೇಲಿಟ್ಟು ಬಗ್ಗಿಸಿದ. ನಾನು ಕಣ್ಣು ಮುಚ್ಕೊಂಡೆ.

ನೆಟ್ಟಗಾಯ್ತು. ಝುಂ ಅಂತ ಸದ್ದು ಅಂಗಳದ ತುಂಬ ಹೋಯ್ತು. ಅದ್ರೂಬ್ ಮುಖ ನೋಡಬೇಕಿತ್ತು ನೀನು. "ಹಳೇ ಜನರ ಕಬ್ಬಿಣ!" ಅಂದ. ಓನೂರ್ ಅಳು ಬಂದು ಆಚೆ ಹೋದ. ಹೆಂಗಸರೆಲ್ಲ ಕೇಕೆ ಹಾಕಿದ್ರು. ನಾನು ಮಾತ್ರ ಕೂತಲ್ಲೇ ಕೂತೆ.

ಸಂತೋಷಕ್ಕೆ ಅಂತ ಬರಿ ಜಿಬ್ರೀಲ್.

ತಮ್ಮಾ, ಆ ಮುರಿದದ್ದು ಅಂದ್ಯಲ್ಲ, ಅದೆಲ್ಲಿದೆ? ಬಿಸಾಡಬೇಡ. ಒಂದು ಚೂರೂ ಬಿಸಾಡಬೇಡ. ಕೂಡಲೇ ಬರಿ.

ಬತೂಲ್


ಓಮ್ದುರ್ಮಾನ್
ಏಪ್ರಿಲ್ 21, 1926

ಅಕ್ಕನಿಗೆ ಹಬ್ಬದ ಸಲಾಮು.

ನಿನ್ನ ಕಾಗದವನ್ನು ಕೂಕುವಿಗೆ ಓದಿ ಓದಿ ಹೇಳಿದೆ. ಇಬ್ಬರೂ ಅಂಗಡಿ ಮುಚ್ಚಿ ಹುರಿದ ಮೀನು ತಿಂದು ಬಂದೆವು. ಅದ್ರೂಬನ ಮುಖ ಹೇಗಾಯಿತೆಂದು ನಾನು ಬಂದಾಗ ಇನ್ನೊಮ್ಮೆ ನಟಿಸಿ ತೋರಿಸಬೇಕು ನೀನು.

ಮುರಿದದ್ದರ ಚಿಂತೆ ನಿನಗೇಕೆ? ನನ್ನ ಮೇಲೆ ಕನಿಕರ ಬಂದು ಕೇಳಿದೆ ಅನಿಸುತ್ತದೆ. ಇಲ್ಲಿ ಕಬ್ಬಿಣ ವ್ಯರ್ಥವಾಗುವುದಿಲ್ಲ. ಉದ್ದನೆಯ ತುಂಡಿನಿಂದ ತೋಳಿಗೆ ಕಟ್ಟುವ ಎರಡು ಕಠಾರಿ ಮಾಡಿದೆ, ಕೂಕು ಉಡದ ಚರ್ಮದ ಒರೆ ಹೊಲಿದ. ಸ್ಟೀಮರ್ ಕಟ್ಟೆಯ ಅಂಗಡಿಯವನು ತೆಗೆದುಕೊಂಡು ಹೋದ. ದರ್ವೇಶಿ ಸೇನಾಪತಿಯ ಕಠಾರಿಗಳೆಂದು ಮಾರಿದನಂತೆ, ಬಾಯಿ ಜೋರಿನವನು. ಮೊಂಡು ತುದಿಯ ತುಂಡು ಯಾವುದಕ್ಕೂ ಬಾರದೆ ಬಿದ್ದಿತ್ತು, ಕೂಕು ತೊಗಲು ಹೆರೆಯಲು ಇಟ್ಟುಕೊಂಡಿದ್ದಾನೆ.

ಇನ್‌ಸ್ಪೆಕ್ಟರ್‌ಗೆ ಹಳ್ಳಿಯ ಅಣ್ಣ ತೀರಿಕೊಂಡ ಎಂದು ಹೇಳಿದ್ದೇನೆ.

ತೈಫೂರ್


ಕಸಲಾ
ಶವ್ವಾಲ್ 14, 1344

ತೈಫೂರ, ಇದನ್ನ ಬರೀತಿರೋದು ಜಿಬ್ರೀಲ್ ಅಲ್ಲ. ಸ್ಟೇಷನ್ ಹತ್ರ ಟೀ ಮಾರೋ ಯೆಮೆನಿನವನು. ಅವನಿಗೆ ಇಲ್ಲಿ ಯಾರ ಗುರುತೂ ಇಲ್ಲ, ನಂಗೆ ಅದೇ ಬೇಕಾಗಿತ್ತು. ಜಿಬ್ರೀಲ್ ಅದ್ರೂಬನ ಹೆಂಡತಿ ತಮ್ಮ. ಅವನ ಕೈಲಿ ಏನು ಬರೆಸೋಕಾಗ್ತಿತ್ತು ಹೇಳು?

ನೀನು ಮುರಿದದ್ದೇ ಅಪ್ಪನ ಕತ್ತಿ.

ಬರದ ವರ್ಷ ನೀನಿನ್ನೂ ಕೂಸು. ಅವ್ವನ ಎದೇಲಿ ಹಾಲಿಲ್ಲ. ಅಪ್ಪ ಸೈನ್ಯದ ಜೊತೆ ಹಬಶಿ ಗಡಿಗೆ ಹೋಗಿದ್ದ, ಯುದ್ಧ ಮಾಡೋಕಲ್ಲ, ಅವರ ಆಯುಧ ರಿಪೇರಿ ಮಾಡೋಕೆ. ಮನೇಲಿದ್ದ ಗುದ್ದಲಿ, ಕುಡುಗೋಲು, ಎಲ್ಲಾನೂ ಈಟಿ ಮಾಡೋಕೆ ಅಂತ ಸೈನ್ಯದವರೇ ಹೊತ್ಕೊಂಡು ಹೋಗಿದ್ರು. ಉಳಿದದ್ದು ಚಾಪೆ ಒಳಗೆ ಅವ್ವ ಸುತ್ತಿಟ್ಟಿದ್ದ ಮದುವೆ ಕತ್ತಿ ಒಂದೇ. ಅದನ್ನ ತಗೊಂಡು ನಾವಿಬ್ಬರೂ ಇರುವೆ ಗೂಡು ಅಗೆಯೋಕೆ ಹೋಗ್ತಿದ್ವಿ. ಇರುವೆ ಕೂಡಿಟ್ಟ ಹುಲ್ಲಿನ ಬೀಜ ಇರುತ್ತಲ್ಲ, ಅದಕ್ಕೆ. ಅವ್ವ ತಿವಿದು ತಿವಿದು ಅಗೀತಿದ್ಲು, ನಾನು ಮೊರದಲ್ಲಿ ಮಣ್ಣು ಕೇರ್ತಿದ್ದೆ. ಕೈ ಕಾಲು ತುಂಬ ಇರುವೆ ಹತ್ತಿ ಕಚ್ತಿದ್ವು. ಆ ಬೀಜದ ಗಂಜೀಲಿ ನೀನು ಬದುಕಿದ್ದು. ತುದಿ ಮೊಂಡಾಗಿದ್ದು ಯಾವ ಗುರಾಣಿಗೂ ಅಲ್ಲ.

ಒಂದಿನ ಕಲ್ಲಿಗೆ ಸಿಕ್ಕಿ ಕತ್ತಿ ಮುರೀತು. ಅವ್ವ ಅಳಲಿಲ್ಲ. ತುದಿ ತುಂಡಿಗೆ ಸೆರಗು ಸುತ್ತಿ ಹಿಡ್ಕೊಂಡು ಮತ್ತೆ ಅಗೆದ್ಲು.

ಅಪ್ಪ ಬಂದಾಗ ಎರಡೂ ತುಂಡು ಅವನ ಮುಂದಿಟ್ಟು ತಲೆ ತಗ್ಗಿಸಿ ನಿಂತ್ಲು. ಗಂಡನ ಮದುವೆ ಕತ್ತೀಲಿ ಮಣ್ಣಗೆದವಳು ಅಂತ ಊರು ಆಡ್ಕೊಳ್ಳುತ್ತೆ ಅನ್ನೋ ಹೆದರಿಕೆ. ಅಪ್ಪ ಕತ್ತಿ ಮುಟ್ಟಲಿಲ್ಲ, ನಿನ್ನ ಎತ್ಕೊಂಡ. ಮಾರನೇ ದಿನ ಕುಲುಮೆ ಹಚ್ಚಿ ಬೆಸೆದ. ಬರದಲ್ಲಿ ಇದ್ದಿಲಿಗೂ ಗತಿ ಇಲ್ಲ, ಕಾವು ಸಾಲಲಿಲ್ಲ, ಬೆಸುಗೆ ಬಗ್ಗೋ ಹಾಗೆ ಕೂರಲಿಲ್ಲ. ಅವನಿಗೂ ಗೊತ್ತಿತ್ತು. ಊರಿಗೆ ಗುರಾಣಿ ಕಥೆ ಹೇಳ್ದ, ಅವ್ವನ ಮಾನ ಉಳಿಸೋಕೆ. ಅವ್ವ ಸಾಯೋವಾಗ ನನ್ನ ಹತ್ರ ಮಾತು ತಗೊಂಡ್ಲು, ತೈಫೂರನಿಗೆ ಹೇಳಬೇಡ, ಅಪ್ಪ ವೀರ ಅಂತ ನಂಬ್ಕೊಂಡಿದಾನೆ ಪಾಪ ಅಂತ.

ಒರೆ ಹೊಲಿದಿದ್ರೆ, ಶೇಖ್ ದುವಾ ಓದಿ ಹೊಲಿದಿದಾರೆ, ಬಿಚ್ಚಬಾರದು ಅಂತ ಅದ್ರೂಬನಿಗೆ ಸುಳ್ಳು ಹೇಳೋಣ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಬಂದದ್ದು ಬಗ್ಗಿತು, ಮದುವೆ ಉಳೀತು. ಅವ್ವನ ಕತ್ತಿ ಹೋಯ್ತು. ನಂಗೆ ನಗು ಬರ್ತಿದೆಯೋ ಅಳು ಬರ್ತಿದೆಯೋ ಗೊತ್ತಾಗ್ತಿಲ್ಲ ತಮ್ಮ. ನಿನ್ನ ಮೇಲೆ ಸಿಟ್ಟಿಲ್ಲ. ಸಿಕ್ಕಿದಷ್ಟು ಹುಡುಕಿ ತಾ.

ಬತೂಲ್


ಓಮ್ದುರ್ಮಾನ್
ಮೇ 2, 1926

ಅಕ್ಕ,

ನಿನ್ನ ಕಾಗದ ಓದಿ ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಓಡಿದೆ.

ಸ್ಟೀಮರ್ ಕಟ್ಟೆಯ ಅಂಗಡಿಯವನನ್ನು ಹಿಡಿದೆ. ಒಂದು ಕಠಾರಿ ಯಾರೋ ಪ್ರವಾಸಿಯ ಪೆಟ್ಟಿಗೆಯಲ್ಲಿ ಹಲ್ಫಾ ರೈಲು ಹತ್ತಿ ಹೋಗಿದೆ. ಅದರ ಆಸೆ ಬಿಟ್ಟೆ. ಇನ್ನೊಂದು ಖಾರ್ಟೂಮಿನ ಇಂಗ್ಲಿಷ್ ಅಧಿಕಾರಿಯೊಬ್ಬನ ಬಂಗಲೆಯಲ್ಲಿದೆ ಎಂದ. ನದಿ ದಾಟಿ ಹೋದೆ. ಅಡುಗೆಯವನು ಹಿಂಬಾಗಿಲಲ್ಲೇ ನಿಲ್ಲಿಸಿದ. ಬದಲಿಗೆ ಎರಡು ಒಳ್ಳೆಯ ಕತ್ತಿ ಕೊಡುತ್ತೇನೆ ಎಂದೆ. ಅಮ್ಮಾವ್ರು ತಾವೇ ಹೊರಗೆ ಬಂದರು, ಕೈಯಲ್ಲಿ ಅದೇ ಕಠಾರಿ, ಅದರಿಂದ ಹೊಸ ಪುಸ್ತಕದ ಅಂಟಿದ ಹಾಳೆ ಸೀಳಿ ಬಿಡಿಸುತ್ತಿದ್ದರು. ಅಡುಗೆಯವನು ಅವರ ಮಾತನ್ನು ನನಗೆ ತಿರುಗಿಸಿ ಹೇಳಿದ, "ಕೊಡಲ್ಲವಂತೆ ಕಣಯ್ಯ. ಇದು ಬಹಳ ಜನರ ಪ್ರಾಣ ತೆಗೆದಿದೆಯಂತೆ, ಅದಕ್ಕೇ ಅವರಿಗಿಷ್ಟವಂತೆ."

ಇಲ್ಲ ತಾಯಿ, ಇದು ನನ್ನ ಪ್ರಾಣ ಉಳಿಸಿದ್ದು ಎಂದು ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಹೇಳಿದ್ದರೆ ಇನ್ನೊಂದು ಕಥೆ ಸಿಕ್ಕಿತೆಂದು ಖುಷಿಪಡುತ್ತಿದ್ದರೇನೋ. ಸಲಾಂ ಹೊಡೆದು ಬಂದುಬಿಟ್ಟೆ.

ಕೂಕು ಆ ಮೊಂಡು ತುಂಡಿನಿಂದ ಮೊಸಳೆ ಚರ್ಮ ಹೆರೆಯುತ್ತ ಕೂತಿದ್ದ. "ಅದನ್ನ ಕೊಡೋ" ಎಂದೆ.

"ಯಾಕೆ? ಇಷ್ಟು ಚೆನ್ನಾಗಿ ಹೆರೆಯೋ ಅಲಗು ನಂಗೆ ಈವರೆಗೂ ಸಿಕ್ಕಿರಲಿಲ್ಲ."

"ನಮ್ಮವ್ವಂದು ಕಣೋ ಅದು."

ಅವನು ಹೆರೆಯುವುದನ್ನು ನಿಲ್ಲಿಸಿದ. ತೊಳೆದು, ತನ್ನ ರುಮಾಲಿನಲ್ಲಿ ಒರೆಸಿ ಕೊಟ್ಟ. ಮುರಿದ ಅಂಚಿನಲ್ಲಿ ಅಪ್ಪನ ಬೆಸುಗೆ ಈಗ ಕಾಣುತ್ತಿದೆ. ಅದನ್ನು ನನ್ನ ಕೆಟ್ಟ ಕೆಲಸವೆಂದು ಬೈದಿದ್ದೆನಲ್ಲ.

ಇನ್ನೊಂದು ಮಾತು. ಅದ್ರೂಬ್ ಬಗ್ಗಿಸಿದ ಕತ್ತಿ ನಾನು ಮಾಡಿದ್ದು, ಲಾರಿಯ ಸ್ಪ್ರಿಂಗ್‌ನಿಂದ, ಈ ಕೈಯಿಂದ. ಆಟದ ಕತ್ತಿ ಮಾಡುವವನೆಂದನಲ್ಲ, ಮದುವೆಗೆ ಬಂದು ಎಲ್ಲರ ಮುಂದೆ ಅವನಿಗೆ ಹೇಳುತ್ತೇನೆ. ಇದನ್ನು ಹೇಳದೆ ಸತ್ತರೆ ನನ್ನ ಜನ್ಮ ವ್ಯರ್ಥ ಅಕ್ಕ. ಬೇಡ ಎನ್ನಬೇಡ.

ತೈಫೂರ್


ಕಸಲಾ
ಶವ್ವಾಲ್ 22, 1344

ತುಂಡು ತಗೊಂಡು ಬಾ. ಬಾಯಿ ಮುಚ್ಕೊಂಡು ಬಾ. ಹಳೇ ಕತ್ತಿ ಎಲ್ಲಿ ಅಂತ ಅವನು ಕೇಳಿದ್ರೆ ನಾನೇನು ಹೇಳ್ಲಿ, ಅವ್ವನ ಹೆಸರು ಸಂತೆಗೆ ತರ್ಲಾ? ನಮ್ಮಪ್ಪ ಅವಳಿಗೋಸ್ಕರ ಸಾಯೋವರೆಗೂ ಬಾಯಿ ಮುಚ್ಕೊಂಡಿದ್ದ. ನಿನ್ನ ಕೈಲಿ ಆಗಲ್ವಾ?

ಬತೂಲ್


ಓಮ್ದುರ್ಮಾನ್
ಮೇ 28, 1926

ಅಕ್ಕನಿಗೆ ಸಲಾಮು. ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಖರ್ಜೂರ ದಾರಿಯಲ್ಲೇ ಮುಗಿಯಿತು.

ಗಂಡಸರ ಪಂಕ್ತಿಯಲ್ಲಿ ನಡೆದದ್ದು ನಿನಗೆ ಕಂಡಿರಲಿಕ್ಕಿಲ್ಲ. ಹಣೆಗೆ ಚಿನ್ನದ ಅರ್ಧಚಂದ್ರ, ಮಣಿಕಟ್ಟಿಗೆ ಕೆಂಪು ರೇಷ್ಮೆ ಕಟ್ಟಿಕೊಂಡು ಓನೂರ್ ಕತ್ತಿ ಮೇಲೆತ್ತಿ ಝಳಪಿಸಿದಾಗ ಅದು ಹಾಡಿತು. ನನಗೆ ಕಣ್ಣು ತುಂಬಿ ಬಂತು. ಅದ್ರೂಬ್ ಪಕ್ಕಕ್ಕೆ ಬಂದು ನನ್ನ ಭುಜಕ್ಕೆ ಗುದ್ದಿದ.

"ಕೇಳ್ತಾ ತೈಫೂರ್? ಇದು ಕತ್ತಿ! ನಿಮ್ಮಪ್ಪ ಇದರಲ್ಲಿ ಎಷ್ಟು ಹಬಶಿಗಳನ್ನ ಕೆಡವಿದ್ನೋ. ನಿನ್ನ ಕಾಲದ ಕಮ್ಮಾರರಿಗೆ ಇಂಥದ್ದೊಂದು ಮಾಡೋ ಯೋಗ್ಯತೆ ಇದೆಯಾ? ನಿಜ ಹೇಳು."

ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇರುವೆ ಕಚ್ಚಿದ ಅವ್ವನ ಕೈ ನೆನಪಾಯಿತು. ನನಗೆ ಅದನ್ನು ನೋಡಿದ ನೆನಪೇ ಇರಲು ಸಾಧ್ಯವಿಲ್ಲ, ಆದರೂ ನೆನಪಾಯಿತು.

"ಎಲ್ಲಿ ಬರುತ್ತೆ ಅದ್ರೂಬ್" ಎಂದೆ. "ಆ ಕೈ ಹೋಯ್ತು ನಮ್ಮಪ್ಪನ ಜೊತೆಗೇ."

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನನ್ನು ತಬ್ಬಿಕೊಂಡು ತನ್ನ ತಟ್ಟೆಯ ಮಾಂಸವನ್ನು ನನಗೆ ಹಾಕಿದ. ತಿಂದೆ. ಎಲುಬಷ್ಟೇ ಉಳಿಸಿದೆ.

ಬಂದ ಮೇಲೆ ಕೆಲಸಕ್ಕೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ. ಮೊಸಳೆ ತಲೆಗಳು ನನ್ನನ್ನೇ ನೋಡಿ ನಗುತ್ತವೆ. ಹಗಲೆಲ್ಲ ಕುಲುಮೆಯ ಸುತ್ತ ಸುತ್ತುತ್ತೇನೆ. ನನ್ನ ಜೀವಮಾನದ ಒಂದೇ ಒಳ್ಳೆಯ ಕತ್ತಿ ಅಪ್ಪನ ಹೆಸರಿಗೆ ಹೋಯಿತು. ಹೋಗಲಿ ಎಂದು ಬಾಯಲ್ಲಿ ಅನ್ನುತ್ತೇನೆ, ಹೊಟ್ಟೆ ಒಪ್ಪುವುದಿಲ್ಲ. ನಿನ್ನ ಕೈಗಿಟ್ಟ ತುಂಡನ್ನು ಎಲ್ಲಿಟ್ಟೆ? ಅದನ್ನಾದರೂ ಬರೆಸು.

ತೈಫೂರ್


ಕಸಲಾ
ಮುಹರ್ರಮ್ 12, 1345

ತೈಫೂರ, ಯೆಮೆನಿನವನು ಟೀಗೆ ನೀರು ಕಾಯಿಸ್ತಾನೇ ಬರೀತಿದಾನೆ, ಅಕ್ಷರ ಅತ್ತಿತ್ತ ಆದ್ರೆ ಕ್ಷಮಿಸು. ತಡ ಮಾಡಿದೆ. ಬತ್ತಿದ್ದ ಗಾಶ್ ಹೊಳೆಗೆ ನೀರು ಬಂತು, ಊರಿಗೆ ಊರೇ ಬಿತ್ತನೇಲಿತ್ತು.

ತುಂಡನ್ನ ಮದೀನಾಗೆ ಕೊಟ್ಟೆ. ಬಾಣಂತಿ ದಿಂಬಿನ ಕೆಳಗೆ ಕಬ್ಬಿಣ ಇರಬೇಕಲ್ಲ, ದೇವರು ಕೊಟ್ಟಾಗ ಬೇಕಾಗುತ್ತೆ, ಇಟ್ಕೋ ಅಂತ. ಕೊಡೋವಾಗ ಅವ್ವನ ಕಥೆ ಎಲ್ಲ ಹೇಳ್ದೆ. ಅವಳ ಗಂಡನಿಗೆ ಹೇಳಿಲ್ಲ, ಅವಳಿಗೆ ಮಾತ್ರ. ಕೂತ್ಕೊಂಡು ಕೇಳಿದ್ಲು. ಅಳಲಿಲ್ಲ. ನಂಗೆ ಸ್ವಲ್ಪ ಬೇಜಾರೇ ಆಯ್ತು, ಕಲ್ಲು ಹುಡುಗಿ ಅಂದ್ಕೊಂಡೆ. ಆಮೇಲೆ ಕೇಳಿದ್ಲು, "ಹಂಗಾದ್ರೆ ಗೋಡೆ ಮೇಲಿರೋದು ಯಾರು ಮಾಡಿದ್ದು ಅತ್ತೆ?" "ಓಮ್ದುರ್ಮಾನ್‌ನಲ್ಲಿರೋ ನಿನ್ನ ಮಾವ" ಅಂದೆ. ತಪ್ಪಾಯ್ತೇನೋ, ಬಾಯಿಗೆ ಬಂದುಬಿಡ್ತು. ಗೋಡೆ ಮೇಲಿದ್ದ ಕತ್ತಿ ಹತ್ರ ಹೋಗಿ ಕೈ ಇಟ್ಟು ಬಂದ್ಲು. ಈಗ ಗೊತ್ತಿರೋದು ನಮಗೆ ಇಷ್ಟು ಜನಕ್ಕೆ. ನಿಂಗೆ ಸಾಲದು ಅಂತ ಗೊತ್ತು. ಸಾಲಲಿ ಅಂತ ಕೇಳ್ಕೋತೀನಿ.

ಮೊದಲ ಮಳೆ ಬಿದ್ದ ಮಾರನೇ ಬೆಳಗ್ಗೆ ಎದ್ದು ನೋಡ್ತೀನಿ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದಾಳೆ. ತುದಿ ತುಂಡಿಗೆ ಸೆರಗು ಸುತ್ತಿ ಹಿಡ್ಕೊಂಡು ನೆಲ ತಿವೀತಿದಾಳೆ. ಗುಣಿ ಮಾಡಿ ಬೆಂಡೆ ಬೀಜ ಹಾಕ್ತಿದ್ಲು. ಮನೇಲಿ ಒಳ್ಳೆ ಗುದ್ದಲಿ ಇದೆ ತೈಫೂರ, ಬಾಗಿಲ ಹಿಂದೇನೇ ಇದೆ. ಏ ಹುಡುಗಿ ಅಂತ ಕೂಗೋಕೆ ಬಾಯಿ ತೆಗೆದೆ. ಅವಳು ಬಗ್ಗಿ ಅಗೀತಿದ್ದದ್ದು ಹಿಂದಿನಿಂದ ನೋಡಿದ್ರೆ ಥೇಟ್ ಅವ್ವನೇ.

ಕೂಗಲಿಲ್ಲ. ಮೊರ ತಗೊಂಡು ಹೋಗಿ ಪಕ್ಕದಲ್ಲಿ ಕೂತೆ.

ಬತೂಲ್